ಹಳೆಯ ಗಾಡಿ, ಹಳೆಯ ನಂಬಿಕೆ

ಬೆಳಗಾವಿಯಿಂದ ನಿಪ್ಪಾಣಿಗೆ ಬರುವವರು ತವಂದಿ ಘಾಟನ್ನು ಇಳಿಯಲೇಬೇಕು. ನಾನು ಕಾಲೇಜು ವಿದ್ಯಾರ್ಥಿಯಾಗಿದ್ದಾಗ, 1981ರಲ್ಲಿ, ಒಂದು ಬಾಡಿಗೆ ಅಂಬಾಸಡರ್ ಗಾಡಿಯಲ್ಲಿ ಸೋದರಮಾವನೊಡನೆ ಸದಲಗಾಕ್ಕೆ ಹಿಂತಿರುಗುತ್ತಿದ್ದೆ. ಇಳಿಜಾರು ಮೊದಲಾಗುತ್ತಲೇ ಚಾಲಕ ಗೇರನ್ನು ನ್ಯೂಟ್ರಲ್‌ಗೆ ತಂದು ಎಂಜಿನ್ ಆರಿಸಿದ. “ತಮ್ಮಾ, ಇಳಿಜಾರಿನ್ಯಾಗ ದೇವರು ಪುಕಟ ಒಯ್ತಾನು, ಪೆಟ್ರೋಲ್ ಯಾಕ ಸುಡಬೇಕು?” ಎಂದು ನಕ್ಕ. ಅರ್ಧ ದಾರಿಯಲ್ಲಿ ಕಾದ ಬ್ರೇಕು ಹಿಡಿಯದಾಯಿತು. ಆತ ಗಾಡಿಯನ್ನು ಗುಡ್ಡದ ಬದಿಗೆ ಒರೆಸಿ ನಿಲ್ಲಿಸಿದ. ಎಲ್ಲರೂ ಬದುಕಿದೆವು, ಆದರೆ ಮಾವನ ಕಾಲು ಮತ್ತೆ ನೆಟ್ಟಗಾಗಲಿಲ್ಲ. ಆತನೋ ಕಡೆಯವರೆಗೂ, “ಗಾಡಿ ಗಟ್ಟಿ ಇತ್ತು, ಅದಕ್ಕ ಉಳಿದ್ವಿ” ಎಂದೇ ಹೇಳುತ್ತಿದ್ದ.

ಈ ಎರಡು ಮಾತುಗಳಲ್ಲಿ ಮೋಟಾರಿನ ಬಗೆಗೆ ನಮ್ಮ ಜನರಲ್ಲಿ ಬೇರೂರಿದ ಎರಡು ನಂಬಿಕೆಗಳಿವೆ. ಅವುಗಳನ್ನು ಕೊಂಚ ಪರಾಮರ್ಶಿಸೋಣ.

ಮೊದಲನೆಯದು ಇಳಿಜಾರಿನ ಉಳಿತಾಯ. ಕಾರ್ಬ್ಯುರೇಟರ್ ಇದ್ದ ಹಳೆಯ ಎಂಜಿನನ್ನು ಆರಿಸಿದರೆ ನಾಲ್ಕು ಹನಿ ಪೆಟ್ರೋಲು ಉಳಿಯುತ್ತಿದ್ದುದು ನಿಜ. ಆದರೆ ಗೇರಿನಲ್ಲಿದ್ದ ಎಂಜಿನ್ ಗಾಡಿಯ ಓಟವನ್ನು ತಾನೇ ತಡೆಯುತ್ತದೆ. ಆ ತಡೆಯನ್ನು ಕಳಚಿದರೆ ಸಮಸ್ತ ಭಾರವೂ ಬ್ರೇಕಿನ ಮೇಲೆ ಬೀಳುತ್ತದೆ. ಇಂದಿನ ಎಂಜಿನ್ನುಗಳಲ್ಲಂತೂ ಉಳಿತಾಯದ ಲೆಕ್ಕವೇ ತಲೆಕೆಳಗಾಗಿದೆ. ಗೇರಿನಲ್ಲಿಯೇ ಇಳಿಯುತ್ತ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಇಂಧನದ ಪೂರೈಕೆ ಬಹುಮಟ್ಟಿಗೆ ತಾನಾಗಿ ನಿಲ್ಲುತ್ತದೆ. ನ್ಯೂಟ್ರಲ್‌ಗೆ ತಂದರೆ, ಎಂಜಿನ್ ಆರಿಹೋಗದಂತೆ ಇಂಧನ ಹರಿಯಲೇಬೇಕಾಗುತ್ತದೆ. ಎಂಜಿನನ್ನೇ ಆರಿಸಿದರೆ ಬ್ರೇಕಿಗೂ ಸ್ಟಿಯರಿಂಗಿಗೂ ದೊರೆಯುವ ನೆರವು ತಪ್ಪಿಹೋಗುತ್ತದೆ.

ಎರಡನೆಯದು, ದಪ್ಪ ತಗಡಿನ ಗಾಡಿಯೇ ಸುರಕ್ಷಿತವೆಂಬುದು. ಗಾಡಿ ಬಗ್ಗದಿದ್ದರೆ ಪೆಟ್ಟಿನ ವೇಗವೆಲ್ಲ ಒಳಗಿನವರ ಮೈಗೆ ತಾಗುತ್ತದೆ. ಮರ್ಸಿಡಿಸ್ ಕಂಪನಿಯ ಎಂಜಿನಿಯರ್ ಬೇಲಾ ಬಾರೆನ್ಯಿ ಇದನ್ನು 1950ರ ದಶಕದ ಆರಂಭದಲ್ಲಿಯೇ ಮನಗಂಡು, ಮುಂದಿನ ಹಿಂದಿನ ಭಾಗಗಳು ಕುಸಿದು ಪೆಟ್ಟನ್ನು ನುಂಗುವ, ನಡುವಣ ಕೋಣೆ ಮಾತ್ರ ಗಟ್ಟಿಯಾಗಿರುವ ರಚನೆಯನ್ನು ರೂಪಿಸಿದ. 1959ರಲ್ಲಿ ವೋಲ್ವೊ ಕಂಪನಿಯ ನಿಲ್ಸ್ ಬೋಲಿನ್ ಮೂರು ತುದಿಗಳ ಸೀಟುಪಟ್ಟಿಯನ್ನು ತಂದ. ತಗಡು ತೆಳುವೆಂದು ಹಳಿಯುವುದೂ ದಪ್ಪವೆಂದು ಹೊಗಳುವುದೂ ಸಮನಾದ ತಪ್ಪು. ಜೀವ ಉಳಿಸುವುದು ರಚನೆ ಮತ್ತು ಪಟ್ಟಿ.

ಇಂತಹ ನಂಬಿಕೆಗಳು ನಮ್ಮಲ್ಲಿ ಇಷ್ಟು ಕಾಲ ಉಳಿದದ್ದೇಕೆ? ಗಾಡಿಯೇ ಬದಲಾಗಲಿಲ್ಲವಾದ್ದರಿಂದ. 1953ರ ಸುಮಾರಿಗೆ ಸರಕಾರ, ದೇಶದಲ್ಲಿಯೇ ತಯಾರಿಸುವವರಿಗೆ ಮಾತ್ರ ಅವಕಾಶವೆಂದು ನಿರ್ಧರಿಸಿತು. ಬಿಡಿಭಾಗ ತಂದು ಜೋಡಿಸುತ್ತಿದ್ದ ಜನರಲ್ ಮೋಟಾರ್ಸ್, ಫೋರ್ಡ್ ಕಂಪನಿಗಳು ತೆರಳಿದವು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಇಲ್ಲಿ ಅಂಬಾಸಡರ್ ಆಗಿ ಹೆಚ್ಚು ಬದಲಾವಣೆ ಕಾಣದೆ ದಶಕಗಳವರೆಗೆ ಓಡಿತು. ಕೊಳ್ಳುವವನು ಹಣ ಕಟ್ಟಿ ವರ್ಷಗಟ್ಟಲೆ ಕಾಯುತ್ತಿದ್ದ.

ಇಲ್ಲಿಂದಲೇ ಮೂರನೆಯ ನಂಬಿಕೆ ಹುಟ್ಟಿತು: ದೇಶೀ ಕಾರನ್ನು ಕೊಂದದ್ದು ವಿದೇಶೀ ಸ್ಪರ್ಧೆಯೆಂಬುದು. ಚರಿತ್ರೆ ಇದನ್ನು ಅಷ್ಟು ಸರಳವಾಗಿ ಸಮರ್ಥಿಸುವುದಿಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರು 1935ರಲ್ಲಿ ಯುರೋಪು, ಅಮೆರಿಕಗಳ ಕಾರ್ಖಾನೆಗಳನ್ನು ಕಂಡುಬಂದು ಮೋಟಾರು ಉದ್ಯಮದ ಯೋಜನೆ ಹಾಕಿದರು. ವಾಲಚಂದ ಹೀರಾಚಂದರು ಅದಕ್ಕೆ ಕೈಜೋಡಿಸಿದರು, ಮೈಸೂರು ಸಂಸ್ಥಾನವೂ ಒಲವು ತೋರಿತು. ಬ್ರಿಟಿಷ್ ಸರಕಾರ ಒಪ್ಪಲಿಲ್ಲ. ಬೆಂಗಳೂರಿಗೆ 1940ರಲ್ಲಿ ವಿಮಾನ ಕಾರ್ಖಾನೆ ಬಂದಿತು, ಕಾರಿನದು ಬರಲಿಲ್ಲ. ನಮ್ಮ ಸದಲಗಾದಿಂದ ಗಡಿ ದಾಟಿದರೆ ಸಿಗುವ ಮಗ್ಗಗಳ ಊರು ಇಚಲಕರಂಜಿಯಲ್ಲಿ ಶಂಕರರಾವ್ ಕುಲಕರ್ಣಿಯವರು 1940ರ ದಶಕದಿಂದ ತೊಡಗಿ ‘ಮೀರಾ’ ಎಂಬ ಪುಟ್ಟ ಕಾರನ್ನು ಮತ್ತೆ ಮತ್ತೆ ಕಟ್ಟಿ ಸುಧಾರಿಸಿದರು. ಅದು ದೊಡ್ಡ ಕಾರ್ಖಾನೆಯ ಉತ್ಪಾದನೆಯಾಗಲೇ ಇಲ್ಲ. ಇವೆರಡೂ ಕನಸುಗಳು ಪೇಟೆಯಲ್ಲಿ ಪರದೇಶಿ ಗಾಡಿಯೊಡನೆ ಸೆಣಸಿ ಸೋತವಲ್ಲ. ಪೇಟೆಯನ್ನು ಮುಟ್ಟಲೇ ಇಲ್ಲ.

ಜಪಾನಿನ ಉದಾಹರಣೆ ನೋಡಿ. ಟೊಯೋಟಾ ಕೂಡ ಮಗ್ಗದ ಕಾರ್ಖಾನೆಯ ಕೂಸು. ಅಲ್ಲಿಯೂ 1936ರ ಕಾನೂನು ಫೋರ್ಡ್, ಜನರಲ್ ಮೋಟಾರ್ಸ್‌ಗಳನ್ನು ಹೊರಗಟ್ಟಿ ಬೇಲಿ ಹಾಕಿತು. ಆದರೆ ಯುದ್ಧಾನಂತರ ಬೇಲಿಯೊಳಗೆ ಹಲವು ಕಂಪನಿಗಳು ತಮ್ಮತಮ್ಮಲ್ಲೇ ಸೆಣಸಿ, ಹೊರದೇಶಕ್ಕೂ ಮಾರುವಷ್ಟು ಬಲಿತವು. ನಮ್ಮ ಬೇಲಿಯೊಳಗೆ ಸ್ಪರ್ಧೆ ಹೆಸರಿಗಷ್ಟೇ ಇತ್ತು. ಆದುದರಿಂದಲೇ 1983ರ ಡಿಸೆಂಬರಿನಲ್ಲಿ ಸುಝುಕಿಯ ನೆರವಿನ ಮಾರುತಿ ರಸ್ತೆಗಿಳಿದಾಗ ಹಳೆಯವು ತತ್ತರಿಸಿದವು. 2014ರಲ್ಲಿ ಅಂಬಾಸಡರ್ ತಯಾರಿಕೆ ನಿಂತಿತು. 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ಲಿನ ಅಂಗಡಿ ತೆರೆದ ಲಕ್ಷ್ಮಣರಾವ್ ಕಿರ್ಲೋಸ್ಕರರ ಮನೆತನ, 1997ರಲ್ಲಿ ಬಿಡದಿಯ ಕಾರ್ಖಾನೆಗಾಗಿ ಅದೇ ಟೊಯೋಟಾದೊಡನೆ ಕೈಗೂಡಿಸಿತು.

ಬೇಲಿ ಸಸಿಗೆ ಬೇಕು, ಬೇಲಿಯೇ ಬೆಳೆಯಲ್ಲ. ಗಾಡಿ ಗಟ್ಟಿಯಿತ್ತೆಂದು ನನ್ನ ಮಾವ ಕಾಲಿನ ನೋವನ್ನು ಮರೆಯುತ್ತಿದ್ದಂತೆ, ಪರರ ಮೇಲೆ ಹೊರೆ ಹಾಕಿ ನಾವು ನಮ್ಮ ಆಲಸ್ಯವನ್ನು ಮರೆಯಬಾರದು. ತವಂದಿ ಘಾಟಿನಲ್ಲಿ ಈಗ ರಸ್ತೆ ಅಗಲವಾಗಿದೆ, ಗಾಡಿಗಳೂ ಹೊಸವು. ಇಳಿಜಾರು ಮಾತ್ರ ಹಾಗೆಯೇ ಇದೆ. ದಯಮಾಡಿ ಗೇರಿನಲ್ಲಿಯೇ ಇಳಿಯಿರಿ.

(ಬಾನುಲಿ ಭಾಷಣ)