ಆರು ಗೆರೆಗಳ ಐನೂರು ವರ್ಷ

ಗಿಟಾರ್ ಕಲಿಯೋಕೆ ಶುರುಮಾಡಿ ಕೆಲವು ತಿಂಗಳಾಯ್ತು. ಸ್ಟಾಫ್ ನೊಟೇಶನ್ ನನಗೆ ಬರೋದಿಲ್ಲ, ಟ್ಯಾಬ್ ನೋಡಿಕೊಂಡೇ ನುಡಿಸೋದು. ಟ್ಯಾಬ್ ಅಂದ್ರೆ ಸಂಗೀತ ಓದೋಕೆ ಬಾರದವರ ಅಡ್ಡದಾರಿ ಅನ್ನೋ ಮಾತನ್ನ ಸಾಕಷ್ಟು ಸಲ ಕೇಳಿದ್ದೇನೆ. ಸರಿ, ಈ ಅಡ್ಡದಾರಿ ಎಲ್ಲಿಂದ ಬಂತು ಅಂತ ಹುಡುಕುತ್ತಾ ಹೋದೆ. ಸಿಕ್ಕಿದ್ದು ಸ್ವಾರಸ್ಯವಾಗಿದೆ.

ಮೊದಲು, ಗೊತ್ತಿಲ್ಲದವರಿಗಾಗಿ ಎರಡು ಮಾತು. ಟ್ಯಾಬ್‌ನ ಆರು ಗೆರೆ ಅಂದರೆ ಗಿಟಾರಿನ ಆರು ತಂತಿ. ಎಲ್ಲಕ್ಕಿಂತ ಮೇಲಿನ ಗೆರೆ ಎಲ್ಲಕ್ಕಿಂತ ತೆಳು ತಂತಿ. ಗೆರೆಯ ಮೇಲೆ 3 ಅಂತಿದ್ದರೆ ಆ ತಂತಿಯನ್ನು ಮೂರನೇ ಫ್ರೆಟ್‌ನಲ್ಲಿ ಒತ್ತಿ ಮೀಟಬೇಕು. 0 ಅಂದರೆ ಒತ್ತದೆ ಹಾಗೇ ಮೀಟಬೇಕು. ನಮ್ಮ ಸರಿಗಮ ಬರಹ ಸ್ವರ ಯಾವುದು ಅಂತ ಹೇಳುತ್ತದೆ. ಟ್ಯಾಬ್ ಬೆರಳು ಎಲ್ಲಿಡಬೇಕು ಅಂತ ಹೇಳುತ್ತದೆ.

ಇದೇನೂ ಇಂಟರ್ನೆಟ್ ಕಾಲದ ಸೃಷ್ಟಿಯಲ್ಲ. 1507ರಲ್ಲಿ ವೆನಿಸ್‌ನ ಮುದ್ರಕ ಒಟ್ಟಾವಿಯಾನೊ ಪೆಟ್ರುಚ್ಚಿ, ಸ್ಪಿನಾಚಿನೊ ಎಂಬ ವಾದಕನ ಲ್ಯೂಟ್ ಪುಸ್ತಕಗಳನ್ನು ಅಚ್ಚುಹಾಕಿದ. ಲ್ಯೂಟ್ ಗಿಟಾರಿನ ದಾಯಾದಿ ಅನ್ನಬಹುದು. ಅಲ್ಲೂ ಆರು ಗೆರೆ, ಅವುಗಳ ಮೇಲೆ ಅಂಕಿ! ಆದರೆ ತಲೆಕೆಳಗು: ಮೇಲಿನ ಗೆರೆ ಮಂದ್ರದ ತಂತಿ. ಪುಸ್ತಕದ ಮೊದಲಲ್ಲೇ ಹಾಡುವ ವಿದ್ಯೆ ತಿಳಿಯದವರಿಗಾಗಿ ಓದುವ ಕ್ರಮವನ್ನು ವಿವರಿಸಿದ್ದಾರೆ. ಅಂದರೆ ನನ್ನಂಥವರನ್ನು ಆಗಲೇ ನೆನೆದಿದ್ದರು! 1536ರಲ್ಲಿ ವೆಲೆನ್ಸಿಯಾದ ಲೂಯಿಸ್ ಮಿಲಾನ್ ತನ್ನ ಪುಸ್ತಕದಲ್ಲಿ ತೆಳು ತಂತಿಯನ್ನು ಮೇಲಕ್ಕೆ ತಂದ, ನಮ್ಮ ಇವತ್ತಿನ ಟ್ಯಾಬ್‌ನ ಹಾಗೆ. ಫ್ರೆಂಚರು ಅಂಕಿಯ ಬದಲು ಅಕ್ಷರ ಬಳಸಿದರು. 1546ರಲ್ಲಿ ಸೆವಿಲ್‌ನಲ್ಲಿ ಮುದಾರ್ರಾ ಗಿಟಾರಿಗೇ ಕೆಲವು ರಚನೆ ಅಚ್ಚು ಮಾಡಿಸಿದ. ಆಗಿನ ಗಿಟಾರಿಗೆ ನಾಲ್ಕೇ ಸಾಲು ತಂತಿ, ಹಾಗಾಗಿ ನಾಲ್ಕೇ ಗೆರೆ.

ನನಗೆ ಎಲ್ಲಕ್ಕಿಂತ ಹಿಡಿಸಿದ ಸಂಗತಿ ಮುಂದಿನದು. ಆ ಕಾಲದ ಗಾಯಕರು ಕೆಲವು ಕಡೆ ಸ್ವರವನ್ನು ಅರ್ಧ ಏರಿಸಿಯೋ ಇಳಿಸಿಯೋ ಹಾಡುತ್ತಿದ್ದರು. ಅದು ರೂಢಿಯಿಂದ ಗೊತ್ತಿದ್ದ ವಿಷಯ, ಹಾಗಾಗಿ ಎಷ್ಟೋ ಸಲ ಬರೆದಿಡುತ್ತಲೇ ಇರಲಿಲ್ಲ. ಆದರೆ ಅದೇ ಹಾಡನ್ನು ಲ್ಯೂಟ್‌ಗೆ ಇಳಿಸುವವನು ಯಾವ ಫ್ರೆಟ್ ಅಂತ ಬರೆಯಲೇಬೇಕು, ತಪ್ಪಿಸಿಕೊಳ್ಳುವ ಹಾಗಿಲ್ಲ. ಹಾಗಾಗಿ ಹಳೆಯ ಹಾಡುಗಳನ್ನು ಹೇಗೆ ಹಾಡುತ್ತಿದ್ದರು ಅಂತ ತಿಳಿಯಲು ಇವತ್ತಿನ ವಿದ್ವಾಂಸರು ಈ ಅಡ್ಡದಾರಿಯ ಪುಸ್ತಕಗಳನ್ನೇ ತೆರೆದು ನೋಡುತ್ತಾರೆ. 'ಸರಿಯಾದ' ಬರಹ ಬಿಟ್ಟದ್ದನ್ನು ಟ್ಯಾಬ್ ಉಳಿಸಿಕೊಂಡಿದೆ.

ಕೊರತೆ ಇಲ್ಲವೆಂದಲ್ಲ. ಶ್ರುತಿ ಬದಲಾದರೆ ಟ್ಯಾಬ್ ಕೆಲಸಕ್ಕೆ ಬಾರದು. ಹಳೆಯ ಪುಸ್ತಕಗಳಲ್ಲಿ ಅಂಕಿಗಳ ಮೇಲೆ ಕಾಲಪ್ರಮಾಣದ ಗುರುತು ಇರುತ್ತಿತ್ತು. ಈಗ ಬರೀ ಅಕ್ಷರಗಳಲ್ಲಿ ಟೈಪ್ ಮಾಡಿದ ಎಷ್ಟೋ ಟ್ಯಾಬ್‌ಗಳಲ್ಲಿ ಅದೇ ಮಾಯ. ಹಾಡು ಕಿವಿಯಲ್ಲಿ ಕೂತಿರಬೇಕು, ಆಮೇಲೆ ಬೆರಳು. ನಾನಂತೂ ಈಗ ಸಂಕೋಚವಿಲ್ಲದೆ ಟ್ಯಾಬ್ ಓದುತ್ತೇನೆ. ನೀವೇನಂತೀರಿ?