ಮಗು ಯಾರದು? ವರ್ಜೀನಿಯಾದ ನ್ಯಾಯಾಲಯಗಳು ಕೊಟ್ಟ ಉತ್ತರ

ಒಂದು ಮಗುವಿನ ಮೇಲೆ ಯಾರ ಹಕ್ಕು? ಹೆತ್ತ ತಾಯಿಯದೋ, ತಂದೆಯದೋ, ದುಡಿಸಿಕೊಂಡ ಯಜಮಾನನದೋ? ಹದಿನೇಳನೆಯ ಶತಮಾನದಲ್ಲಿ ಇಂಗ್ಲಿಷರ ವಸಾಹತಾಗಿದ್ದ ಅಮೆರಿಕದ ವರ್ಜೀನಿಯಾದಲ್ಲಿ ಈ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲೇರಿತು. ಅಲ್ಲಿನ ತಂಬಾಕಿನ ತೋಟಗಳಿಗೆ ದುಡಿಯುವ ಕೈಗಳು ಬೇಕಿದ್ದವು. ಇಂಗ್ಲೆಂಡಿನ ಬಡವರು ಕರಾರು ಬರೆದುಕೊಟ್ಟು ಕೆಲವು ವರ್ಷಗಳ ಜೀತಕ್ಕೆ ಬರುತ್ತಿದ್ದರು. ಆಫ್ರಿಕಾದವರನ್ನು ಸೆರೆಯಾಳುಗಳಾಗಿ ತರಲಾಗುತ್ತಿತ್ತು. ಬಿಳಿಯರಿಗೂ ಕರಿಯರಿಗೂ ಹುಟ್ಟಿದ ಮಕ್ಕಳು ಯಾವ ಸಾಲಿಗೆ ಸೇರಬೇಕೆಂಬುದು ಆಗಿನ್ನೂ ತೀರ್ಮಾನವಾಗಿರಲಿಲ್ಲ.

ಎಲಿಜಬೆತ್ ಕೀ ಅಂತಹ ಒಬ್ಬ ಮಗಳು. ತಂದೆ ಥಾಮಸ್ ಕೀ ಇಂಗ್ಲಿಷ್ ಗಣ್ಯ. ತಾಯಿ ಆಫ್ರಿಕಾ ಮೂಲದ ದಾಸಿ. 1636ರಲ್ಲಿ ತಂದೆಯು ಈ ಪುಟ್ಟ ಹುಡುಗಿಯನ್ನು ಹಂಫ್ರಿ ಹಿಗಿನ್‌ಸನ್ ಎಂಬವನಿಗೆ ಒಂಬತ್ತು ವರ್ಷಗಳ ಕರಾರಿನ ಮೇಲೆ ಒಪ್ಪಿಸಿದನು. ಸಾಮಾನ್ಯ ಆಳಿಗಿಂತ ಗೌರವದಿಂದ ನೋಡಿಕೊಳ್ಳಬೇಕು, ಅವಧಿ ಮುಗಿದಾಗ ಬಿಡುಗಡೆ ಮಾಡಬೇಕು ಎಂಬುದು ಷರತ್ತು. ಆದರೆ ತಂದೆ ತೀರಿಕೊಂಡನು. ಹುಡುಗಿ ಜಾನ್ ಮಾಟ್ರಮ್ ಎಂಬ ಇನ್ನೊಬ್ಬ ಯಜಮಾನನ ಕೈಸೇರಿದಳು. ಒಂಬತ್ತು ವರ್ಷಗಳು ಹತ್ತೊಂಬತ್ತಾದವು. 1655ರಲ್ಲಿ ಮಾಟ್ರಮ್ ಸತ್ತಾಗ ಅವನ ಆಸ್ತಿಯ ಉಸ್ತುವಾರಿಗಳು ಅವಳನ್ನು ಗುಲಾಮಳೆಂದೇ ಲೆಕ್ಕಕ್ಕೆ ಹಿಡಿದರು. ಅವಳ ಮಡಿಲಲ್ಲಿ ಆಗ ಒಂದು ಗಂಡುಮಗುವೂ ಇತ್ತು.

ಎಲಿಜಬೆತ್ ದಾವೆ ಹೂಡಿದಳು. ಆ ಮಗುವಿನ ತಂದೆ, ಸ್ವತಃ ಜೀತದಾಳಾಗಿದ್ದ ವಿಲಿಯಂ ಗ್ರಿನ್‌ಸ್ಟೆಡ್, ಅವಳ ಪರವಾಗಿ ವಾದಿಸಿದನು. ಎಂಬತ್ತು ವರ್ಷದ ವೃದ್ಧೆಯೊಬ್ಬಳು ಬಂದು, ದಾಸಿಯನ್ನು ಗರ್ಭಿಣಿಯಾಗಿಸಿದ್ದಕ್ಕೆ ಥಾಮಸ್ ಕೀ ದಂಡ ತೆತ್ತಿದ್ದನೆಂದು ಸಾಕ್ಷಿ ನುಡಿದಳು. ವಾದಗಳು ಮೂರು: ಇಂಗ್ಲಿಷ್ ಸಂಪ್ರದಾಯದ ಕಾನೂನಿನಂತೆ ಮಗು ತಂದೆಯ ಸ್ಥಾನಮಾನ ಪಡೆಯುತ್ತದೆ, ಅವಳು ದೀಕ್ಷಾಸ್ನಾನ ಪಡೆದ ಕ್ರೈಸ್ತಳು, ಕರಾರಿನ ಅವಧಿ ಎಂದೋ ಮುಗಿದಿದೆ. ಕೆಳ ನ್ಯಾಯಾಲಯದ ಗೆಲುವು ಮೇಲ್ಮನವಿಯಲ್ಲಿ ಸೋಲಾಯಿತು. ಶಾಸನಸಭೆಯ ಸಮಿತಿ ಅವಳ ಪರ ನಿಂತಿತು. 1656ರಲ್ಲಿ ತಾಯಿ, ಮಗು ಇಬ್ಬರೂ ಬಿಡುಗಡೆಗೊಂಡರು. ಅವಳು ವಿಲಿಯಂನನ್ನು ವಿವಾಹವಾದಳು.

ನ್ಯಾಯ ಗೆದ್ದಿತೆಂದು ಇಲ್ಲಿಗೆ ಕಥೆ ಮುಗಿಸುವಂತಿಲ್ಲ. ಅವಳು ಹೊರಬಂದ ಬಾಗಿಲುಗಳನ್ನು ಒಡೆಯರು ಒಂದೊಂದಾಗಿ ಮುಚ್ಚಿದರು. 1662ರ ಶಾಸನವು ಮಗುವಿಗೆ ತಾಯಿಯ ಸ್ಥಿತಿಯೇ ಎಂದಿತು. ಇನ್ನು ದಾಸಿಯನ್ನು ಬಸುರಾಗಿಸಿದ ಯಜಮಾನನಿಗೆ ಲಜ್ಜೆಯ ಬದಲು ಲಾಭ! 1667ರ ಶಾಸನವು ದೀಕ್ಷಾಸ್ನಾನದಿಂದ ಬಿಡುಗಡೆಯಿಲ್ಲ ಎಂದಿತು. ಬಿಳಿಯ ತಾಯಿಯ ಮಕ್ಕಳು ಗುಲಾಮರಾಗುವಂತಿರಲಿಲ್ಲ. ಅವರಿಗಾಗಿ ಬೇರೆ ಬಲೆ ಹೆಣೆಯಲಾಯಿತು. ತಂದೆ ಕರಿಯನಾದರೆ ಅಂತಹ ಮಗುವನ್ನು ಚರ್ಚಿನ ಮೇಲ್ವಿಚಾರಕರು 30 ವರ್ಷ ವಯಸ್ಸಿನವರೆಗೆ ಜೀತಕ್ಕೆ ಒಪ್ಪಿಸಬೇಕೆಂದು 1691ರಲ್ಲಿ ವಿಧಿಸಲಾಯಿತು. 1705ರಲ್ಲಿ ಅದು 31 ಆಯಿತು. 1723ರಲ್ಲಿ, ಹಾಗೆ ಜೀತದಲ್ಲಿರುವಾಗಲೇ ಹೆರುವವಳ ಮಗುವೂ ಅದೇ ಯಜಮಾನನಿಗೆ ಅಷ್ಟೇ ವಯಸ್ಸಿನವರೆಗೆ ದುಡಿಯಬೇಕಾಯಿತು.

1770ರಲ್ಲಿ ಸ್ಯಾಮ್ಯುಯೆಲ್ ಹೋವೆಲ್ ಎಂಬವನು ಅಜ್ಜಿಯಿಂದ ತಾಯಿಗೆ, ತಾಯಿಯಿಂದ ತನಗೆ ಇಳಿದುಬಂದ ಈ ಜೀತವನ್ನು ಪ್ರಶ್ನಿಸಿದನು. ನಿಸರ್ಗದ ನಿಯಮದಂತೆ ಮನುಷ್ಯರೆಲ್ಲರೂ ಸ್ವತಂತ್ರರಾಗಿ ಹುಟ್ಟುತ್ತಾರೆಂದು ಅವನ ಯುವ ವಕೀಲನು ವಾದಿಸಿದನು. ನ್ಯಾಯಾಲಯ ಎದುರುಪಕ್ಷದ ವಾದವನ್ನೂ ಕೇಳದೆ ಅವನ ವಿರುದ್ಧ ತೀರ್ಪಿತ್ತಿತು. ಆ ವಕೀಲ ಥಾಮಸ್ ಜೆಫರ್ಸನ್. ಮುಂದೆ ಸ್ವಾತಂತ್ರ್ಯದ ಘೋಷಣೆ ಬರೆದವನು, ಸಾಯುವವರೆಗೂ ಗುಲಾಮರ ಒಡೆಯನಾಗಿದ್ದವನು.

ಮದ್ರಸದಲ್ಲಿ ಫಿಕ್ಹ್ ಓದಿದವರಿಗೆ ಇಲ್ಲಿ 'ಉಮ್ಮು ವಲದ್' ನೆನಪಾಗದಿರದು. ಯಜಮಾನನಿಂದ ದಾಸಿಗೆ ಹುಟ್ಟಿದ ಮಗು ಸ್ವತಂತ್ರ, ತಂದೆಯ ವಾರಸುದಾರ; ಬಹುತೇಕ ಫುಕಹಾಗಳ ಪ್ರಕಾರ ಆ ತಾಯಿಯನ್ನು ಮಾರುವಂತಿಲ್ಲ, ಯಜಮಾನನ ಮರಣದೊಂದಿಗೆ ಅವಳೂ ಬಿಡುಗಡೆ. ಹಾಗೆಂದು ನಾವು ಬೀಗಬೇಕಾಗಿಲ್ಲ. ಮುಸ್ಲಿಮ್ ಅರಸರ ನಾಡುಗಳಲ್ಲೂ ಗುಲಾಮರ ಸಂತೆಗಳಿದ್ದವು. ವರ್ಜೀನಿಯಾದಲ್ಲಿ ನಡೆದುದೆಲ್ಲವೂ ಕಾನೂನುಬದ್ಧವೇ ಆಗಿತ್ತೆಂಬುದನ್ನು ಮರೆಯಬಾರದು. ಮುದ್ರೆಯೊತ್ತಿದ ಕಾಗದವಿದ್ದ ಮಾತ್ರಕ್ಕೆ ಅನ್ಯಾಯವು ನ್ಯಾಯವಾಗದು. ನಮ್ಮ ಆಶ್ರಯದಲ್ಲಿರುವ ಅನಾಥ ಮಗುವಿನ, ಮನೆಗೆಲಸದ ಹುಡುಗಿಯ ವಿಷಯದಲ್ಲಿ ಈ ಲೋಕದ ನ್ಯಾಯಾಲಯ ಕೇಳದ ಪ್ರಶ್ನೆಯನ್ನು ಕೇಳುವವನೊಬ್ಬನಿದ್ದಾನೆ.