ಹೆಳವನ ಹೊತ್ತಿಗೆಯೂ ಕುಲಕರ್ಣಿಯ ದಪ್ತರವೂ

ಮನೆತನದ ಇತಿಹಾಸವೆಂದರೆ ಅರಸರಿಗೂ ದೇಸಾಯರಿಗೂ ಸಲ್ಲುವ ಮಾತು, ಒಕ್ಕಲಿಗನಿಗೆ ಅದೇಕೆ ಎಂಬ ಭಾವನೆ ಇನ್ನೂ ಹೋಗಿಲ್ಲ. ಸವದತ್ತಿಯ ರಟ್ಟರು ಕಲ್ಲಿನ ಮೇಲೆ ತಮ್ಮ ವಂಶಾವಳಿಯನ್ನು ಕೊರೆಯಿಸಿದರು. ಅವರ ಹೊಲ ಉತ್ತವರ ಹೆಸರನ್ನು ಯಾವ ಕಲ್ಲೂ ಹೇಳುವುದಿಲ್ಲ. ಆದರೆ ಕೃಷ್ಣೆ, ದೂಧಗಂಗೆ, ವೇದಗಂಗೆಗಳು ಹರಿಯುವ ನಮ್ಮ ಚಿಕ್ಕೋಡಿ, ರಾಯಬಾಗ, ಅಥಣಿ ಸೀಮೆಯಲ್ಲಿ ಉತ್ತವರ ವಂಶವನ್ನೂ ನೆನಪಿಟ್ಟವರಿದ್ದಾರೆ. ಅವರು ಹೆಳವರು.

ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕುಳಿತು, ಗಂಟೆ ಬಾರಿಸುತ್ತ, ನಸುಕಿನಲ್ಲಿ ಬಾಗಿಲ ಮುಂದೆ ನಿಂತು ಮನೆತನದ ಹೆಸರುಗಳನ್ನು ಒಂದರ ಹಿಂದೊಂದು ಹಾಡುವವನನ್ನು ನಮ್ಮ ಕಡೆಯ ಹಿರಿಯರೆಲ್ಲ ಕಂಡಿದ್ದಾರೆ. ಹೆಳವ ಎಂದರೆ ಕುಂಟ. ಮೂಲಪುರುಷನೊಬ್ಬನು ಕಾಲಿಲ್ಲದವನಾಗಿದ್ದುದರಿಂದ ಎತ್ತು ಏರಿದನೆಂದೂ, ಕುಲಕಥನದ ಕಾಯಕ ಅವನಿಗೆ ಬಸವಣ್ಣನವರ ಕಾಲದಲ್ಲಿ ದೊರೆಯಿತೆಂದೂ ಐತಿಹ್ಯ. ಒಬ್ಬೊಬ್ಬ ಹೆಳವನಿಗೆ ಇಂತಿಷ್ಟು ಊರು, ಇಂತಿಷ್ಟು ಮನೆ ಎಂಬ ಹಂಚಿಕೆಯಿದೆ. ಕೆಲವು ವರ್ಷಗಳಿಗೊಮ್ಮೆ ಬರುತ್ತಾನೆ. ಹುಟ್ಟಿದವರನ್ನು, ಸತ್ತವರನ್ನು, ಬೇರೆಯಾದವರನ್ನು ಹೊತ್ತಿಗೆಯಲ್ಲಿ ಏರಿಸುತ್ತಾನೆ. ಕಾಳು, ಬಟ್ಟೆ, ಹಣ, ಉಳ್ಳವರ ಮನೆಯಲ್ಲಾದರೆ ಒಂದು ಕರು ಪಡೆದು ಹೋಗುತ್ತಾನೆ. ಇಂಗ್ಲಿಷರ ಕಾಲದ ಬರಹಗಳು ಇವನನ್ನು ಭಿಕ್ಷುಕರ ಸಾಲಿನಲ್ಲಿ ಸೇರಿಸಿವೆ. ಸರಕಾರದ ದಪ್ತರ ಕಾಯುವವನು ಸಂಬಳ ಪಡೆದರೆ ನೌಕರ, ಒಕ್ಕಲಿನ ದಪ್ತರ ಕಾಯುವವನು ಕಾಳು ಪಡೆದರೆ ಭಿಕ್ಷುಕ! ಈ ಲೆಕ್ಕ ನನಗೆ ಎಂದೂ ಒಪ್ಪಿಗೆಯಾಗಿಲ್ಲ.

ನಮ್ಮ ಮನೆ ಅಥಣಿ ತಾಲೂಕಿನ ಹೊಳೆಸಾಲಿನ ಒಂದು ಹಳ್ಳಿಯಲ್ಲಿ. ಸುತ್ತಲಿನ ಅನೇಕ ಮನೆತನಗಳು ಕುಲದೈವವೆಂದು ಮಂಗಸೂಳಿಯ ಖಂಡೋಬನಿಗೆ ನಡೆದುಕೊಂಡರೆ ನಾವು ಮಾತ್ರ ಹೊಳೆ ದಾಟಿ ಚಿಂಚಲಿಯ ಮಾಯಕ್ಕನಿಗೆ ಹೋಗುತ್ತೇವೆ. ಚಿಕ್ಕಂದಿನಲ್ಲಿ ಇದು ಚಕ್ಕಡಿ ಕಟ್ಟಿಕೊಂಡು ದೂರದ ಜಾತ್ರೆಗೆ ಹೋಗುವ ಸಂಭ್ರಮವಷ್ಟೇ ಆಗಿತ್ತು. ಆದರೆ ಕುಲದೈವವೆಂಬುದು ಬಹಳ ಸಲ ಬಿಟ್ಟುಬಂದ ಊರಿನ ಗುರುತು. ಜನ ಊರು ಬದಲಿಸುತ್ತಾರೆ, ವೃತ್ತಿ ಬದಲಿಸುತ್ತಾರೆ, ಅಡ್ಡಹೆಸರನ್ನಂತೂ ಸುಲಭವಾಗಿ ಬದಲಿಸುತ್ತಾರೆ. ಹರಕೆಯ ದಾರಿಯನ್ನು ಬೇಗ ಬದಲಿಸುವುದಿಲ್ಲ. ಅಡ್ಡಹೆಸರನ್ನು ಬಹಳ ನಂಬಬಾರದೆಂಬುದು ನನ್ನ ಅಭಿಪ್ರಾಯ. ಪಾಟೀಲ, ಚೌಗಲಾ, ಕುಲಕರ್ಣಿ ಇವೆಲ್ಲ ಹುದ್ದೆಗಳು, ರಕ್ತಸಂಬಂಧಗಳಲ್ಲ. ಸದಲಗಾದಲ್ಲಿ 1906ರಲ್ಲಿ ಹುಟ್ಟಿ ಪ್ರಾಕೃತ ವಿದ್ವಾಂಸರೆಂದು ಲೋಕವಿಖ್ಯಾತರಾದ ಆ. ನೇ. ಉಪಾಧ್ಯೆಯವರ ಅಡ್ಡಹೆಸರೂ ಬಸದಿಯ ಪೂಜಾವೃತ್ತಿಯನ್ನೇ ಹೇಳುತ್ತದೆ.

ಹೆಳವ ನಮ್ಮ ವಂಶವನ್ನು ರಾಯಬಾಗದ ಕಡೆಯ ಒಂದು ಊರಿನಿಂದಲೇ ಆರಂಭಿಸುತ್ತಿದ್ದ. ಡೋಗಿ ಬರದಲ್ಲಿ ಮೂಲಪುರುಷ ಅಲ್ಲಿಂದ ಹೊರಟನೆಂಬುದು ಅವನ ಹೇಳಿಕೆ. ಸತ್ತವರ ತಲೆಬುರುಡೆಗಳು ಬಯಲಲ್ಲಿ ಹರಡಿ ಬಿದ್ದಿದ್ದರಿಂದ ಆ ಹೆಸರು ಪಡೆದ 1791-92ರ ಕ್ಷಾಮವದು. ಇದಕ್ಕೆ ಕಾಗದದ ಆಧಾರವಿದೆಯೇ ಎಂದು ಹುಡುಕಲು ನಾನು ಹೊರಟೆ.

ಇಲ್ಲಿ ನಮ್ಮ ಸೀಮೆಯ ರಾಜಕೀಯವನ್ನು ಸ್ವಲ್ಪ ಹೇಳಬೇಕು. ಯಾವ ಮನೆತನದ ಕಾಗದ ಎಲ್ಲಿದೆ ಎಂಬುದು ಅದರಿಂದಲೇ ತಿಳಿಯಬೇಕು. ನಿಪ್ಪಾಣಿಯಲ್ಲಿ ನಿಂಬಾಳಕರ ದೇಸಾಯಿ. ಚಿಕ್ಕೋಡಿ ಪೇಶ್ವೆಯ ಪತನದ ನಂತರ ಕೆಲವು ವರ್ಷ ಕೊಲ್ಹಾಪುರಕ್ಕೆ ಸೇರಿ ಮತ್ತೆ ಇಂಗ್ಲಿಷರಿಗೆ. ಕಾಗವಾಡದ ಸುತ್ತ ಪಟವರ್ಧನರ ಜಹಗೀರುಗಳು. ರಾಯಬಾಗವಾದರೋ ಸಂಸ್ಥಾನ ವಿಲೀನವಾದ 1949ರವರೆಗೆ ಕೊಲ್ಹಾಪುರದ್ದು. ಹತ್ತು ಹರದಾರಿಯೊಳಗೆ ನಾಲ್ಕು ಸರಕಾರಗಳು! ಕೊಲ್ಹಾಪುರದಲ್ಲಿ ಶಾಹೂ ಮಹಾರಾಜರು ಕುಲಕರ್ಣಿ ವತನವನ್ನು 1918ರಲ್ಲಿಯೇ ತೆಗೆದು ತಲಾಠಿಗಳನ್ನು ನೇಮಿಸಿದರು. ಹೊಳೆಯ ಈಚೆ ಅಥಣಿಯಲ್ಲಿ ಅದೇ ವತನ ಮುಂಬಯಿ ಸರಕಾರದ 1950ರ ಕಾಯ್ದೆ ಬರುವವರೆಗೆ ಉಳಿಯಿತು. ಆದ್ದರಿಂದ ರಾಯಬಾಗದವನು ಅಜ್ಜನನ್ನು ಹುಡುಕುವುದು ಕೊಲ್ಹಾಪುರದ ಪುರಾಭಿಲೇಖಾಗಾರದಲ್ಲಿ; ಅಥಣಿಯವನು ಹುಡುಕುವುದು ಹಳೆಯ ಕುಲಕರ್ಣಿ ಮನೆಯ ಅಟ್ಟದಲ್ಲಿ, ಅರಿವೆಯ ರುಮಾಲುಗಳಲ್ಲಿ ಕಟ್ಟಿಟ್ಟ ಗಂಟುಗಳಲ್ಲಿ. ಪೇಶ್ವೆಯ ಕಾಲದ್ದು ಬೇಕಾದರೆ ಪುಣೆಯ ದಪ್ತರವಿದೆ; ಅಲ್ಲಿ ಇಂಥ ರುಮಾಲುಗಳು ಸಾವಿರಗಟ್ಟಲೆ ಇವೆ.

ಮನೆಯಲ್ಲಿ ಕನ್ನಡವಾಡಿದವರ ಕಾಗದಗಳು ಮರಾಠಿಯಲ್ಲಿ, ಅದೂ ಮೋಡಿ ಲಿಪಿಯಲ್ಲಿ. ಮೊದಲು ತಲೆಗೆರೆ ಎಳೆದು, ಲೇಖಣಿ ಎತ್ತದೆ ಬರೆಯುವ ಈ ಬರಹದಲ್ಲಿ ಇಕಾರ ಉಕಾರಗಳ ಹ್ರಸ್ವದೀರ್ಘಗಳಿಗೆ ಭೇದವಿಲ್ಲ, ಒತ್ತಕ್ಷರಗಳು ಕಳಚಿಬೀಳುತ್ತವೆ. ಸಿದ್ದಪ್ಪ ‘ಸಿದಪಾ’ ಆಗುತ್ತಾನೆ, ಮಲ್ಲವ್ವ ‘ಮಲವಾ’ ಆಗುತ್ತಾಳೆ. ತೇದಿಯೂ ಒಂದು ಒಗಟು. ‘ಖಮಸ ತಿಸೈನ ಮಯಾ ವ ಅಲಫ’ ಎಂದು ಅರಬ್ಬಿ ಅಂಕೆಗಳಲ್ಲಿ ಬರೆದಿದ್ದರೆ ಐದು, ತೊಂಬತ್ತು, ನೂರು, ಸಾವಿರ ಎಂದು ಕೂಡಿಸಿ 1195 ಸುಹೂರ್ ಸನ್ನೆಂದು ತಿಳಿಯಬೇಕು. ಅದಕ್ಕೆ 599 ಸೇರಿಸಿದರೆ ಕ್ರಿಸ್ತಶಕ 1794 ಬರುತ್ತದೆ. ವರ್ಷ ಮೃಗಶಿರೆಗೆ ಆರಂಭವಾಗುವುದರಿಂದ ಮುಂದಿನ ಜನವರಿ ದಾಟಿದ ಕಾಗದವಾದರೆ 600 ಸೇರಿಸಬೇಕು. ಮೋಡಿ ಬಲ್ಲವರು ಮುಪ್ಪಿನವರು ಮಾತ್ರ ಎಂಬ ಕಾಲವಿತ್ತು. 2023ರಲ್ಲಿ ಮಹಾರಾಷ್ಟ್ರದಲ್ಲಿ ಕುಣಬಿ ದಾಖಲೆಗಳ ಶೋಧ ನಡೆದಂದಿನಿಂದ ಅವರಿಗೆ ಮತ್ತೆ ಬೆಲೆ ಬಂದಿದೆ. ಅಜ್ಜನ ಹೆಸರಿನ ಮೇಲೆ ಮೊಮ್ಮಗನ ಮೀಸಲಾತಿ ನಿಂತಾಗ ಇತಿಹಾಸಕ್ಕೆ ಅಭಿಮಾನಿಗಳು ಹೆಚ್ಚುತ್ತಾರೆ.

ಕೊಲ್ಹಾಪುರದ ಕಾಗದವೊಂದರಲ್ಲಿ, ಮೇಲೆ ಹೇಳಿದ ವರ್ಷದ್ದೇ, ನಮ್ಮ ಅಡ್ಡಹೆಸರಿನವನ ಹೊಲ ಬೀಳುಬಿದ್ದಿದೆ, ಒಡೆಯ ಊರು ಬಿಟ್ಟಿದ್ದಾನೆ ಎಂಬ ಒಂದು ಸಾಲು ದೊರೆಯಿತು. ಬರ ಮುಗಿದು ಎರಡು ವರ್ಷ. ಹೆಳವನ ಬಾಯಿಯೂ ಸರಕಾರದ ಕಾಗದವೂ ಒಂದೇ ಮಾತು ಹೇಳಿದವು.

ಮುಂದಿನ ಬರದಲ್ಲಿ ಅವೆರಡೂ ಬೇರೆಯಾದವು. 1876-78ರ ಮಹಾಕ್ಷಾಮದ ಹೊತ್ತಿಗೆ ಹೆಳವನ ಹೊತ್ತಿಗೆಯಲ್ಲಿ ತಂದೆಯಿಂದ ಮಗನಿಗೆ ‘ಬಿನ್’ ಎಂಬ ಎರಡಕ್ಷರದ ಸೇತುವೆ ಎಂದಿನಂತೆ ನಡೆದಿದೆ. ಊರಿನ ಹಳೆಯ ಲೆಕ್ಕದಲ್ಲಿ ಹಾಗಿಲ್ಲ. ಅಲ್ಲಿ ಒಂಬತ್ತು ವರ್ಷ ಕಂದಾಯ ತೆತ್ತವಳು ಒಬ್ಬ ಹೆಂಗಸು: ಅವಳ ಹೆಸರು, ಮುಂದೆ ‘ಕೋಂ’, ಅದರ ಮುಂದೆ ಸತ್ತ ಗಂಡನ ಹೆಸರು. ಬರದಲ್ಲಿ ಗಂಡ ಹೋದ, ಮಕ್ಕಳಿರಲಿಲ್ಲ. ಹೊಲ ಬಿಡಲಿಲ್ಲ ಅವಳು. ಒಂಬತ್ತು ವರ್ಷ ಕಳೆದ ಮೇಲೆ ‘ದತ್ತಕ’ ಎಂಬ ಷರಾದೊಂದಿಗೆ ಹುಡುಗನೊಬ್ಬನ ಹೆಸರು ಬರುತ್ತದೆ. ಗಂಡನ ಅಪ್ಪಣೆಯಿಲ್ಲದೆ ವಿಧವೆ ದತ್ತಕ ಪಡೆಯುವುದನ್ನು ಬಂಗಾಲದ ಶಾಸ್ತ್ರ ಒಪ್ಪುತ್ತಿರಲಿಲ್ಲ; ಮುಂಬಯಿ ಇಲಾಖೆಯ ಸಂಪ್ರದಾಯ ಒಪ್ಪುತ್ತಿತ್ತು. ಅವಳ ತವರುಮನೆಗೆ ನಡೆದುಕೊಳ್ಳುವ ಹೆಳವನನ್ನು ಹುಡುಕಿ ಕೇಳಿದೆ. ಅವನ ಹೊತ್ತಿಗೆಯಲ್ಲಿ ಆ ಹುಡುಗ ಅವಳ ಅಣ್ಣನ ಎರಡನೆಯ ಮಗ. ಹೆಸರು ಒಮ್ಮೆ ಬಂದು ಅಲ್ಲಿಗೇ ನಿಲ್ಲುತ್ತದೆ.

ಅಂದರೆ ರಾಯಬಾಗದಿಂದ ಹೊರಟವನ ರಕ್ತ ನಮ್ಮಲ್ಲಿಲ್ಲ. ನಾವೆಲ್ಲ ಆ ಹೆಂಗಸಿನ ತವರಿನವರು; ಅವಳ ಹೆಸರು ಮಾತ್ರ ಯಾವ ವಂಶಾವಳಿಯಲ್ಲಿಯೂ ಇಲ್ಲ. ನಮ್ಮ ದೊಡ್ಡಪ್ಪನವರಿಗೆ ಇದನ್ನು ಓದಿ ಹೇಳಿದಾಗ ಬಹಳ ಹೊತ್ತು ಸುಮ್ಮನಿದ್ದು, “ಇದನ್ನ ಬರೀಬ್ಯಾಡಪಾ, ಹೊಲಾ ಯಾರ್ದಂತ ನಾಳಿಗೆ ಕೇಳ್ಯಾರು” ಎಂದರು. ನೂರು ವರ್ಷದ ಮೇಲೆ ಯಾವ ಕೋರ್ಟೂ ಕೇಳದೆಂದು ಹೇಳಿದರೂ ಸಮಾಧಾನವಾಗಲಿಲ್ಲ. ಅವರ ಅಂಜಿಕೆ ಹೊಲದ್ದಲ್ಲವೆಂದು ನನಗೆ ಅನಿಸಿತು. ಚಿಂಚಲಿಗೆ ನಡೆದುಕೊಳ್ಳುವ ಹಕ್ಕು ನಮಗಿದೆಯೇ ಎಂಬುದು ಅವರ ಮನಸ್ಸಿನಲ್ಲಿ ಕೊರೆಯುತ್ತಿತ್ತು. ದತ್ತಕ ಬಂದವನಿಗೆ ದೇವರೂ ದತ್ತಕವಾಗಿಯೇ ಬರುತ್ತದಲ್ಲವೇ? ಆ ವರ್ಷವೂ ದೊಡ್ಡಪ್ಪ ಮಾಯಕ್ಕನ ಜಾತ್ರೆ ತಪ್ಪಿಸಲಿಲ್ಲ. ಈಗ ಅವರಿಲ್ಲ.

ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟ 2005ರ ತಿದ್ದುಪಡಿಯಾದ ಮೇಲೆ ವಾರಸಾ ಹಚ್ಚಲು ಬರೆದುಕೊಡುವ ವಂಶಾವಳಿಯಲ್ಲಿ ಅವರ ಹೆಸರನ್ನು ಬಿಡುವಂತಿಲ್ಲ. ಸರಕಾರದ ಕಾಗದ ಬದಲಾಯಿತು. ಹೆಳವನ ಹೊತ್ತಿಗೆ?

ಕಳೆದ ಸಲ ಬಂದವನು ತರುಣ. ಎತ್ತಿಲ್ಲ, ಮೋಟಾರ್‌ಸೈಕಲ್ ಮೇಲೆ ಬಂದಿದ್ದ. ಗಂಟೆ ಮಾತ್ರ ಹಳೆಯದೇ. ತಮ್ಮನ ಹೆಂಡತಿ ತನ್ನ ಮಗಳ ಹೆಸರು ಬರೆಯಿರೆಂದಾಗ ತುಸು ಯೋಚಿಸಿ ತಂದೆಯ ಹೆಸರಿನ ಪಕ್ಕದ ಅಂಚಿನಲ್ಲಿ ಬರೆದುಕೊಂಡ. ಆಗ ನಾನು ಆ ಹಳೆಯ ತಾಯಿಯ ಮಾತು ತೆಗೆದೆ. ಅವನು ಪುಟಗಳನ್ನು ಹಿಂದಕ್ಕೆ ತಿರುವಿ, ಆ ‘ಬಿನ್’ ಇದ್ದ ಸಾಲನ್ನು ಬೆರಳಿನಿಂದ ಹಿಡಿದು, “ನಮ್ಮ ಹಿರ್ಯಾರು ಬರದದ್ದನ್ನ ನಾ ಒಬ್ಬಾಂವ ಹ್ಯಾಂಗ ತಿದ್ದಲ್ರೀ? ಆ ಕಾಗದದ ನಕಲ ಕೊಡ್ರಿ, ನಮ್ಮ ಮನ್ಯಾಗ ಹಿರ್ಯಾರಿಗೆ ತೋರಸ್ತೇನಿ” ಎಂದ. ನಕಲನ್ನು ಕೊಟ್ಟೆ, ಹೊತ್ತಿಗೆಯ ಅದೇ ಪುಟದಲ್ಲಿ ಮಡಚಿಟ್ಟುಕೊಂಡು ಹೋದ.